ಸದ್ದಿಲ್ಲದ ಜಾಗಗಳ ಚಿತ್ರಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾವ ಹೊತ್ತು?

ಪ್ರವಾಸ ಮುಗಿದು ಒಂದೆರಡು ವರ್ಷ ಕಳೆದ ಮೇಲೆ ಹಳೆಯ ಚಿತ್ರಗಳನ್ನು ತೆರೆದು ನೋಡಿದವರಿಗೆ ಈ ಅನುಭವ ಆಗಿರಬಹುದು: ಹೆಸರಾಂತ ಸ್ಮಾರಕದ ಮುಂದೆ ತೆಗೆದ ಅರುವತ್ತು ಚಿತ್ರಗಳನ್ನು ಬೆರಳು ನಿಲ್ಲದೆ ಸರಿಸುತ್ತದೆ, ರೈಲು ತಡವಾಯಿತೆಂದು ಸುಮ್ಮನೆ ತೆಗೆದ ನಿರೀಕ್ಷಣಾ ಕೊಠಡಿಯ ಬೆಂಚು ಬಂದಾಗ ನಿಂತುಬಿಡುತ್ತದೆ. ಸ್ಮಾರಕವನ್ನು ನಮಗಿಂತ ಚೆನ್ನಾಗಿ ಸಾವಿರಾರು ಮಂದಿ ತೆಗೆದಿದ್ದಾರೆ. ಆ ಬೆಂಚಿನ ಮೇಲೆ ಬಿದ್ದಿದ್ದ ಕಿಟಕಿ ಸರಳುಗಳ ನೆರಳನ್ನೂ ಅದರ ಮೂಲೆಯಲ್ಲಿ ಯಾರೋ ಮರೆತು ಹೋಗಿದ್ದ ಛತ್ರಿಯನ್ನೂ ಅಂದು ಆ ಹೊತ್ತಿನಲ್ಲಿ ಕಂಡು ತೆಗೆದವರು ಬಹುಶಃ ನಾವೊಬ್ಬರೇ.

ಈ ಎರಡನೆಯ ಬಗೆಯ ಚಿತ್ರ ಬೇಕೆನ್ನುವವರಿಗಾಗಿ ಈ ಹೋಲಿಕೆ. ಕ್ಯಾಮೆರಾ ಕೊಳ್ಳುವವರಿಗೆ ಸಿಗುವ ಸಲಹೆಗಳು ಸಾಮಾನ್ಯವಾಗಿ ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅಳತೆಗಳ ಮೇಲೆ ನಿಂತಿರುತ್ತವೆ. ಓಡುವ ಚಿರತೆಗೆ ಆ ಅಳತೆಗಳು ಬೇಕು. ದಿನಬಳಕೆಯ ಜಾಗಗಳಿಗೆ ನಾನು ಬಳಸುವ ಅಳತೆ ಬೇರೆ: ಈ ಆಯ್ಕೆ ನನ್ನನ್ನು ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಲು ಬಿಡುತ್ತದೆ? ಇಂಥ ಜಾಗಗಳಲ್ಲಿ ಘಟನೆ ಎನ್ನುವಂಥದ್ದು ಏನೂ ನಡೆಯುವುದಿಲ್ಲ. ಬೆಳಕು ಸರಿಯುತ್ತದೆ, ಒಂದು ಕದ ತೆರೆದುಕೊಳ್ಳುತ್ತದೆ, ಒಣಗಹಾಕಿದ ಬಟ್ಟೆ ಗಾಳಿಗೆ ತಿರುಗುತ್ತದೆ, ಅಷ್ಟೆ. ಅದಕ್ಕಾಗಿ ಕಾಯಬೇಕು. ಕತ್ತು ನೋಯಿಸುವ ಭಾರ, ಎಲ್ಲರ ಕಣ್ಣನ್ನು ಸೆಳೆಯುವ ಗಾತ್ರ, ತಲೆ ತಿನ್ನುವ ಮೆನು, ಇವೆಲ್ಲವೂ ಕಾಯುವ ಹೊತ್ತನ್ನು ಕಡಿಮೆ ಮಾಡುತ್ತವೆ. ಮುಂದಿನ ಹೋಲಿಕೆಗಳನ್ನೆಲ್ಲ ಈ ಒಂದು ಪ್ರಶ್ನೆಯ ಎದುರಿಗೇ ಇಟ್ಟು ನೋಡಿದ್ದೇನೆ.

ಫೋನು, ಜೇಬಿನ ಕ್ಯಾಮೆರಾ, ದೊಡ್ಡ ಕ್ಯಾಮೆರಾ

ಫೋನಿನ ಮೊದಲ ಲಾಭ ಎಲ್ಲರಿಗೂ ಗೊತ್ತಿರುವುದೇ: ಅದು ಸದಾ ಕೈಯಲ್ಲಿರುತ್ತದೆ, ಅದನ್ನು ಎತ್ತಿ ಹಿಡಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಚಿತ್ರದ ಸೂಕ್ಷ್ಮತೆಯ ಬಗ್ಗೆಯೂ ಈಗ ದೊಡ್ಡ ದೂರು ಹೇಳುವಂತಿಲ್ಲ. ತೊಂದರೆ ಇರುವುದು ಬೇರೆ ಕಡೆ. ಫೋನು ಒಂದರ ಹಿಂದೊಂದು ಹಲವು ಚೌಕಟ್ಟುಗಳನ್ನು ತೆಗೆದು ಜೋಡಿಸಿ ಒಂದು ಚಿತ್ರ ಮಾಡುತ್ತದೆ, ಹಾಗೆ ಮಾಡುವಾಗ ನೆರಳುಗಳನ್ನು ಎತ್ತಿ ಬೆಳಗಿಸುತ್ತದೆ. ಮುಸ್ಸಂಜೆಯ ಅರೆಗತ್ತಲಿನ ಕೋಣೆ, ಕತ್ತಲಿದ್ದುದರಿಂದಲೇ ನಮ್ಮನ್ನು ನಿಲ್ಲಿಸಿದ ಕೋಣೆ, ತೆರೆಯ ಮೇಲೆ ಮಧ್ಯಾಹ್ನದಂತೆ ಕಾಣುತ್ತದೆ. ಅಲುಗಾಡುವ ಪರದೆಯ ಅಂಚು ಕೆಲವೊಮ್ಮೆ ಎರಡಾಗಿ ಕಾಣುವುದೂ ಈ ಜೋಡಣೆಯಿಂದಲೇ. ತೆರೆಯ ಮೇಲೆ ಬೆಳಕಿರುವ ಭಾಗವನ್ನು ಒತ್ತಿ ಹಿಡಿದು ಎಕ್ಸ್‌ಪೋಶರ್ (ಚಿತ್ರಕ್ಕೆ ಸೇರುವ ಬೆಳಕಿನ ಪ್ರಮಾಣ) ಲಾಕ್ ಮಾಡಿ, ಆಮೇಲೆ ಬೆರಳಿನಿಂದ ಪ್ರಕಾಶವನ್ನು ತುಸು ಕೆಳಗೆಳೆದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ರಾ ಫೈಲ್, ಅಂದರೆ ತಿದ್ದುವ ಮೊದಲಿನ ಕಚ್ಚಾ ಚಿತ್ರ, ಉಳಿಸುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಎರಡನೆಯ ತೊಂದರೆಗೆ ಮದ್ದು ಫ್ಲೈಟ್ ಮೋಡ್ ಒಂದೇ: ಕಾಯುತ್ತ ನಿಂತ ನಾಲ್ಕನೆಯ ನಿಮಿಷಕ್ಕೆ ಒಂದು ಸಂದೇಶ ಬಂದರೆ, ಕಣ್ಣು ಗೋಡೆಯನ್ನು ಬಿಟ್ಟು ತೆರೆಗೆ ಇಳಿದು ಮತ್ತೆ ಮೇಲೇಳುವುದಿಲ್ಲ.

ಒಂದೇ ಲೆನ್ಸನ್ನು ಕಾಯಂ ಆಗಿ ಕೂರಿಸಿದ ಚಿಕ್ಕ ಕ್ಯಾಮೆರಾಗಳು ಈ ಕೆಲಸಕ್ಕೆಂದೇ ಹುಟ್ಟಿದಂತಿವೆ. 2019ರಲ್ಲಿ ಬಂದ ರಿಕೋ ಜಿಆರ್ 3 ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ ತೂಗುತ್ತದೆ. ಒಳಗಿರುವುದು ದೊಡ್ಡ ಕ್ಯಾಮೆರಾಗಳಲ್ಲಿ ಬಳಸುವ ಎಪಿಎಸ್-ಸಿ ಗಾತ್ರದ ಸೆನ್ಸರ್ (ಬೆಳಕನ್ನು ಹಿಡಿಯುವ ಫಲಕ), ನೋಟ 28 ಮಿ.ಮೀ. ಲೆನ್ಸಿಗೆ ಸಮ; ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಅದರ ಸೋದರ ಜಿಆರ್ 3ಎಕ್ಸ್ ಸುಮಾರು 40 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ. ಎರಡರಲ್ಲೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ತೆರೆ ಸರಿಯಾಗಿ ಕಾಣುವುದಿಲ್ಲ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಫ್ಯೂಜಿಫಿಲ್ಮ್‌ನ ಎಕ್ಸ್100 ಸರಣಿಯಲ್ಲಿ ವ್ಯೂಫೈಂಡರ್ ಇದೆ, 35 ಮಿ.ಮೀ.ಗೆ ಸಮನಾದ ನೋಟವಿದೆ; 2024ರ ಎಕ್ಸ್100-6 ಮಾದರಿ 521 ಗ್ರಾಂ ತೂಗುವುದರಿಂದ ಅದನ್ನು ಜೇಬಿನ ಕ್ಯಾಮೆರಾ ಎನ್ನುವುದು ದೊಡ್ಡ ಜೇಬಿನವರಿಗೆ ಮಾತ್ರ ಸರಿ. ಲೆನ್ಸಿನೊಳಗೇ ಶಟರ್ ಇರುವುದರಿಂದ ಈ ಎಲ್ಲವೂ ಬಹುತೇಕ ಸದ್ದಿಲ್ಲದೆ ಕೆಲಸ ಮಾಡುತ್ತವೆ. ವಾಚನಾಲಯದಲ್ಲೋ ಪ್ರಾರ್ಥನಾ ಮಂದಿರದಲ್ಲೋ ಇದರ ಬೆಲೆ ತಿಳಿಯುತ್ತದೆ.

ಫುಲ್ ಫ್ರೇಮ್, ಅಂದರೆ ಇನ್ನೂ ದೊಡ್ಡ ಸೆನ್ಸರಿನ, ಕ್ಯಾಮೆರಾಕ್ಕೆ ಹೆಚ್ಚು ಬೆಳಕು ಬಿಡುವ 24–70 ಮಿ.ಮೀ. ಎಫ್/2.8 ಜೂಮ್ ಸೇರಿಸಿದರೆ ಭಾರ ಒಂದೂವರೆ ಕಿಲೋ ಹತ್ತಿರ ಬರುತ್ತದೆ. ಮಂದ ಬೆಳಕಿನಲ್ಲಿ ಅದರ ಫಲಿತಾಂಶವನ್ನು ಉಳಿದವು ಮುಟ್ಟಲಾರವು, ಒಪ್ಪುತ್ತೇನೆ. ಆದರೆ ಅದರ ಇನ್ನೊಂದು ಪರಿಣಾಮವನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಒಮ್ಮೆ ನಾನು ದೊಡ್ಡ ಕ್ಯಾಮೆರಾ ಹಿಡಿದು, ಮೆಟ್ಟಿಲು ಗುಡಿಸುತ್ತಿದ್ದ ಮುದುಕರೊಬ್ಬರಿಂದ ಅನುಮತಿ ಕೇಳಿದೆ. ಅವರು ಸಂತೋಷದಿಂದಲೇ ಒಪ್ಪಿ, ಪೊರಕೆಯನ್ನು ಗೋಡೆಗೊರಗಿಸಿ, ಅಂಗಿಯ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತರು. ಚಿತ್ರ ಬಂತು, ಗುಡಿಸುವುದು ಹೋಯಿತು. ಮರುದಿನ ಬೆಳಗ್ಗೆ ಚಿಕ್ಕ ಕ್ಯಾಮೆರಾ ಹಿಡಿದು ಅದೇ ಮೆಟ್ಟಿಲಿಗೆ ಹೋದಾಗ ತಲೆಯಾಡಿಸಿ ಗುಡಿಸುತ್ತಲೇ ಇದ್ದರು, ಧೂಳು ಎಳೆಬಿಸಿಲಿನಲ್ಲಿ ಮೊಣಕಾಲೆತ್ತರಕ್ಕೆ ಏಳುತ್ತಿತ್ತು.

ದೊಡ್ಡ ಕ್ಯಾಮೆರಾ ಈಗಾಗಲೇ ಇರುವವರು ಇದನ್ನು ಓದಿ ಹೊಸದನ್ನು ಕೊಳ್ಳಲು ಹೊರಡಬೇಕಾಗಿಲ್ಲ. ಇರುವುದಕ್ಕೆ ಒಂದು ಚಿಕ್ಕ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಹಾಕಿ, ಉಳಿದ ಲೆನ್ಸುಗಳನ್ನು ಕೋಣೆಯಲ್ಲೇ ಬಿಟ್ಟು ಹೊರಟರೆ ಸಾಕು.

ಗಾತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದೂ ಹೇಳಲಾರೆ. ಅಮೆರಿಕದ ಛಾಯಾಗ್ರಾಹಕ ಸ್ಟೀಫನ್ ಶೋರ್ 1972ರಲ್ಲಿ ಅಂಗೈಯಲ್ಲಿ ಹಿಡಿಯುವ ರೋಲೈ 35 ಕ್ಯಾಮೆರಾ ಹಿಡಿದು ದೇಶ ಸುತ್ತುತ್ತ ಅಡ್ಡರಸ್ತೆಗಳನ್ನು, ಹೋಟೆಲ್ ಕೋಣೆಗಳನ್ನು, ಊಟದ ಮೇಜುಗಳನ್ನು ತೆಗೆದರು; ಕೆಲವೇ ವರ್ಷಗಳಲ್ಲಿ ಅದೇ ಬಗೆಯ ಜಾಗಗಳಿಗೆ 8×10 ಇಂಚಿನ ಫಿಲ್ಮ್ ಹಾಳೆಯ, ಟ್ರೈಪಾಡ್ ಇಲ್ಲದೆ ನಡೆಯದ ಕ್ಯಾಮೆರಾ ಹೊತ್ತು ಹೋದರು. ಮೊದಲಿನವು ಹಾದುಹೋಗುವವನ ಓರೆನೋಟ, ಎರಡನೆಯವು ನಿಂತು ನೋಡುವವನ ದಿಟ್ಟ ನೋಟ. ಪ್ರವಾಸಿಗೆ ಇದರಿಂದ ದಕ್ಕುವ ಉಪಾಯ ಸರಳ: ಚಿಕ್ಕ ಕ್ಯಾಮೆರಾವನ್ನೇ ಹಗುರವಾದ ಟ್ರೈಪಾಡಿನ ಮೇಲೆ ಇಟ್ಟರೆ ಭಾರವಿಲ್ಲದೆಯೇ ನಿಧಾನ ಬರುತ್ತದೆ.

ಲೆನ್ಸು: ತಲೆ ಕೆಡಿಸಿಕೊಳ್ಳಬೇಕಾದ ಜಾಗ

ಕ್ಯಾಮೆರಾಕ್ಕಿಂತ ಲೆನ್ಸಿನ ಆಯ್ಕೆಗೆ ಹೆಚ್ಚು ಯೋಚಿಸಿ ಎಂದು ನಾನು ಹೇಳುವುದಕ್ಕೆ ಕಾರಣ ಒಂದು ಸಣ್ಣ ಲೆಕ್ಕ. ಫುಲ್ ಫ್ರೇಮ್ ಚೌಕಟ್ಟಿನ ಅಗಲ 36 ಮಿ.ಮೀ. ನಿಮಗೂ ಎದುರಿನ ಗೋಡೆಗೂ ಇರುವ ದೂರವನ್ನು 36ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಮಿ.ಮೀ. ಸಂಖ್ಯೆಯಿಂದ, ಭಾಗಿಸಿದರೆ, ಆ ಗೋಡೆ ಎಷ್ಟು ಅಗಲ ಕಾಣುತ್ತದೆ ಎಂಬುದು ಸಿಗುತ್ತದೆ. ಮೂರು ಮೀಟರ್ ದೂರದಿಂದ 28 ಮಿ.ಮೀ. ಲೆನ್ಸು ಸುಮಾರು 3.9 ಮೀಟರ್ ಅಗಲವನ್ನು, 35 ಮಿ.ಮೀ. ಸುಮಾರು 3.1 ಮೀಟರನ್ನು, 50 ಮಿ.ಮೀ. ಸುಮಾರು 2.2 ಮೀಟರನ್ನು, 85 ಮಿ.ಮೀ. 1.3 ಮೀಟರಿಗೂ ಕಡಿಮೆಯನ್ನು ಹಿಡಿಯುತ್ತದೆ. 35 ಮಿ.ಮೀ. ಲೆನ್ಸಿನಲ್ಲಿ ನೀವು ಎಷ್ಟು ದೂರ ನಿಂತಿದ್ದೀರೋ ಹೆಚ್ಚೂಕಡಿಮೆ ಅಷ್ಟೇ ಅಗಲ ಚೌಕಟ್ಟಿಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಕ್ಯಾಮೆರಾ ಎತ್ತುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಕಾಲಿಗೆ ತಿಳಿದಿರುತ್ತದೆ.

ಈಗ ಒಂದು ಓಣಿಯನ್ನು ನೆನೆಸಿಕೊಳ್ಳಿ. ಎದುರಿಗೆ ಬಣ್ಣ ಮಾಸಿದ ಹಸಿರು ಬಾಗಿಲು, ಅದರ ಪಕ್ಕದಲ್ಲಿ ಹೂವಿನ ಕುಂಡ, ಮೇಲೆ ಜೋಲುವ ವಿದ್ಯುತ್ ತಂತಿ, ಎಡಗಡೆ ಒರಗಿಸಿಟ್ಟ ಸೈಕಲ್ಲು. 28 ಮಿ.ಮೀ.ನಲ್ಲಿ ಇವೆಲ್ಲವೂ ಬರುತ್ತವೆ, ಜೊತೆಗೆ ಪಕ್ಕದ ಮನೆಯ ಮೀಟರ್ ಪೆಟ್ಟಿಗೆಯೂ ಬರುತ್ತದೆ. ಅದನ್ನು ಬಿಡಿಸಲು ಮುಂದೆ ಹೋಗಬೇಕು. ಮುಂದೆ ಹೋಗಿ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿದರೂ ಬಾಗಿಲಿನ ಚೌಕಟ್ಟು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. 50 ಮಿ.ಮೀ.ನಲ್ಲಿ ಬಾಗಿಲಿನ ಕೆಳಭಾಗವೂ ಕುಂಡವೂ ಬರಬಹುದು, ಅಥವಾ ಬಾಗಿಲಿನ ಅಂಚೂ ಸೈಕಲ್ಲಿನ ಹ್ಯಾಂಡಲ್ಲೂ ಬರಬಹುದು; ಎಲ್ಲವನ್ನೂ ತರುವಂತಿಲ್ಲ, ಯಾವುದನ್ನು ಬಿಡುವುದೆಂದು ಯೋಚಿಸಲೇಬೇಕು. ಓಣಿ ಎರಡೇ ಮೀಟರ್ ಅಗಲವಿದ್ದರಂತೂ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೂ 50 ಮಿ.ಮೀ. ಲೆನ್ಸಿಗೆ ಸುಮಾರು 1.4 ಮೀಟರ್ ಎತ್ತರ ಮಾತ್ರ ಸಿಗುವುದರಿಂದ ಆಳೆತ್ತರದ ಬಾಗಿಲು ಪೂರ್ತಿ ಬರುವುದಿಲ್ಲ. 35 ಮಿ.ಮೀ.ನಲ್ಲಿ ಎರಡು ಮೀಟರ್ ಎತ್ತರದ ಬಾಗಿಲು ಕೂದಲೆಳೆಯಷ್ಟು ಜಾಗ ಬಿಟ್ಟು ಕೂರುತ್ತದೆ.

ಹಾಗಾಗಿ ಮೊದಲ ಲೆನ್ಸು ಯಾವುದೆಂದು ಕೇಳಿದವರಿಗೆಲ್ಲ 35 ಅಥವಾ 40 ಎನ್ನುತ್ತೇನೆ. ಒಂಟಿ ವಸ್ತುಗಳತ್ತ, ಅಂದರೆ ಒಂದು ಕುರ್ಚಿ, ಒಂದು ಲೋಟ, ಒಂದು ಕೈಯತ್ತ, ಮನಸ್ಸು ಹೋಗುವವರು 50ಕ್ಕೆ ಹೋಗಲಿ. 28 ಮಿ.ಮೀ. ಬಲು ಸೊಗಸಾದ ಲೆನ್ಸು, ಆದರೆ ಹತ್ತಿರ ಹೋಗಲು ಸಂಕೋಚವಿರುವವರ ಕೈಯಲ್ಲಿ ಅದು ಖಾಲಿ ನೆಲವನ್ನೂ ಖಾಲಿ ಆಕಾಶವನ್ನೂ ತುಂಬಿಸಿಕೊಂಡು ಬರುತ್ತದೆ. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ 24ರಿಂದ 26 ಮಿ.ಮೀ.ಗೆ ಸಮನಾಗಿರುತ್ತದೆ, ಅಂದರೆ 28ಕ್ಕಿಂತಲೂ ಅಗಲ. ಫೋನಿನ ಚಿತ್ರಗಳಲ್ಲಿ ಎಲ್ಲವೂ ಇದ್ದೂ ಯಾವುದೂ ಎದ್ದು ಕಾಣದಿರಲು ಇದೇ ದೊಡ್ಡ ಕಾರಣ. ಫೋನಿನಲ್ಲಿ 2ಎಕ್ಸ್ ಎಂಬ ಗುಂಡಿಯನ್ನು ಒತ್ತಿದರೆ 50ರ ಆಸುಪಾಸಿಗೆ ಬರುತ್ತೀರಿ. ಇಡೀ ಪ್ರವಾಸವನ್ನು ಆ ಗುಂಡಿಯಲ್ಲೇ ಮುಗಿಸಿ ನೋಡಿ.

ಜೂಮ್ ಬೇಡವೇ ಎಂದರೆ, ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ, ದಿನಕ್ಕೆ ನಾಲ್ಕು ಊರು ನೋಡುವವರಿಗೆ ಬೇಕು. ನಿಂತು ನೋಡುವವರಿಗೆ ಅದು ಅಡ್ಡಿ. ಚಿತ್ರದಲ್ಲಿ ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಸಂಬಂಧವನ್ನು ನಿರ್ಧರಿಸುವುದು ನಾವು ನಿಂತ ಜಾಗ ಮಾತ್ರ. ಜೂಮ್ ತಿರುಗಿಸಿದರೆ ಅದು ಬದಲಾಗುವುದಿಲ್ಲ, ಅದೇ ನೋಟದ ಒಂದು ತುಂಡು ದೊಡ್ಡದಾಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸು ದೂರವನ್ನು ಹಿಚುಕುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ, ಹಿಚುಕುವುದು ನಾವು ಹಿಂದೆ ಸರಿದ ದೂರ. ಜೂಮ್ ಕೈಯಲ್ಲಿದ್ದರೆ ಎರಡು ಹೆಜ್ಜೆ ಎಡಕ್ಕೆ ಇಟ್ಟು ತಂತಿಯನ್ನು ಬಾಗಿಲಿನಿಂದ ಬಿಡಿಸುವ ಯೋಚನೆಯೇ ಬರುವುದಿಲ್ಲ.

ಟೆಲಿ ಲೆನ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಪಕ್ಷಿ, ಕ್ರಿಕೆಟ್ಟು ಇವಕ್ಕೆ ಮಾತ್ರ ಅದು ಎಂದುಕೊಂಡಿದ್ದೆ. ನ್ಯೂಯಾರ್ಕಿನ ತಮ್ಮ ಬಡಾವಣೆಯ ಸುತ್ತಮುತ್ತಲೇ ದಶಕಗಳ ಕಾಲ ಚಿತ್ರ ತೆಗೆದ ಸಾಲ್ ಲೈಟರ್ ಬೀದಿಯಲ್ಲಿ ಉದ್ದ ಲೆನ್ಸುಗಳನ್ನು ಧಾರಾಳವಾಗಿ ಬಳಸಿದ್ದರು. ಹಬೆ ಕವಿದ ಗಾಜು, ಅದರಾಚೆ ಒಂದು ಕೆಂಪು ಛತ್ರಿ, ಅದರಾಚೆ ಹಿಮ, ಹೀಗೆ ಪದರಗಳನ್ನು ಒಂದರ ಮೇಲೊಂದು ಒರಗಿಸಿದಂತೆ ತರಲು ಅದು ನೆರವಾಗುತ್ತದೆ. ಆದರೆ ಪದರಗಳಿಗಾಗಿ ಉದ್ದ ಲೆನ್ಸು ಹಿಡಿಯುವುದು ಬೇರೆ, ರಸ್ತೆಯಾಚೆ ಅವಿತು ಯಾರದೋ ಮನೆಯೊಳಗೆ ಇಣುಕುವುದು ಬೇರೆ. ನಮಗೆ ಸುಂದರವಾಗಿ ಕಾಣುವ ಆ ಅಂಗಳ ಒಬ್ಬರು ಹಲ್ಲುಜ್ಜುವ, ಬಟ್ಟೆ ಒಗೆಯುವ ಜಾಗ. ಮುಖ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಬರುವುದಾದರೆ ಕೇಳಿ ತೆಗೆಯಬೇಕು; ಬೇಡವೆಂದರೆ ಬಾಗಿಲನ್ನಷ್ಟೇ ತೆಗೆದು ಹೊರಡಬೇಕು.

ಹೊತ್ತು

ಸೂರ್ಯ ದಿಗಂತದಿಂದ ಸುಮಾರು ಆರು ಡಿಗ್ರಿಯೊಳಗೆ ಇರುವ ಅವಧಿಯನ್ನು ಛಾಯಾಗ್ರಾಹಕರು ಚಿನ್ನದ ಹೊತ್ತು ಎಂದು ಹೊಗಳುತ್ತಾರೆ. ಆಕಾಶದಲ್ಲಿ ಅವನ ವೇಗ ಗಂಟೆಗೆ 15 ಡಿಗ್ರಿ. ಸಮಭಾಜಕದ ಬಳಿ ಅವನು ಬಹುತೇಕ ನೆಟ್ಟಗೆ ಇಳಿಯುವುದರಿಂದ ಈ ಹೊತ್ತು ಅರ್ಧ ಗಂಟೆಯೂ ಇರುವುದಿಲ್ಲ, ಧ್ರುವಗಳತ್ತ ಹೋದಂತೆ ಓರೆಯಾಗಿ ಜಾರುವುದರಿಂದ ಉದ್ದವಾಗುತ್ತದೆ. ತನ್ನ ಅಗಲದಷ್ಟು ದಾರಿಯನ್ನು ಅವನು ಎರಡೇ ನಿಮಿಷದಲ್ಲಿ ಕ್ರಮಿಸುತ್ತಾನೆ. ಗೋಡೆಯನ್ನು ಸವರಿಕೊಂಡು ಹೋಗುವ ಓರೆಬೆಳಕಿಗೆ, ಗಾರೆಯ ಒಂದೊಂದು ಉಬ್ಬನ್ನೂ ಎತ್ತಿ ತೋರಿಸುವ ಆ ಬೆಳಕಿಗೆ, ಇರುವ ಆಯುಸ್ಸು ಹೀಗೆ ಕೆಲವೇ ನಿಮಿಷ. ಮೊದಲೇ ಹೋಗಿ ನಿಂತವರಿಗಷ್ಟೇ ಅದು ಸಿಗುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿದರೆ ನೆರಳುಗಳ ಚಿತ್ರ ಬೇರೆಯಾಗುತ್ತದೆ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಗೋಡೆಯಿಂದ ಒಂದು ಮೀಟರ್ ದೂರವಿರುವ ವಸ್ತುವಿನ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರ್ ಮಸುಕಾಗುತ್ತದೆ, ಮೂರು ಮೀಟರ್ ದೂರದ್ದಾದರೆ ಮೂರು ಸೆಂಟಿಮೀಟರ್. ಗೋಡೆಗೆ ತಾಗಿದ ಬಳ್ಳಿಯ ನೆರಳು ಕತ್ತರಿಸಿಟ್ಟಂತೆ, ಹಿಂದಿನ ಮರದ್ದು ನೀರಿನಲ್ಲಿ ಕದಡಿದಂತೆ ಬೀಳುವುದು ಇದರಿಂದ. ಎರಡೂ ಒಂದೇ ಗೋಡೆಯ ಮೇಲೆ ಬಿದ್ದಿದ್ದರೆ ಬೇರೆ ವಿಷಯ ಹುಡುಕುವ ಅಗತ್ಯವಿಲ್ಲ.

ನಡುಹಗಲನ್ನು ಎಲ್ಲರೂ ತಳ್ಳಿಹಾಕುತ್ತಾರೆ. ಬಯಲಿನಲ್ಲಿ ಅದು ನ್ಯಾಯವೇ. ಆದರೆ ಇಕ್ಕಟ್ಟಾದ ಓಣಿಗಳಿಗೆ, ಒಳಾಂಗಣಗಳಿಗೆ, ಮೆಟ್ಟಿಲ ಸಂದುಗಳಿಗೆ ಬೆಳಕು ಇಳಿಯುವುದೇ ಆಗ. ಎದುರು ಗೋಡೆಯ ಮೇಲೆ ಬಿದ್ದ ಬಿಸಿಲು ಅದರ ಬಣ್ಣವನ್ನು ಹೊತ್ತು ನೆರಳಿನ ಬದಿಗೆ ಮರಳುತ್ತದೆ. ಮೋಡ ಕವಿದ ದಿನ ಬಾಗಿಲು, ಕಿಟಕಿ, ಬಣ್ಣ ಬಳಿದ ಹಲಗೆಗಳಿಗೆ ಅತ್ಯುತ್ತಮ; ಪ್ರವಾಸಿಗಳು ಬೇಸರದಿಂದ ಕೋಣೆಯಲ್ಲಿ ಕೂರುವ ದಿನವೂ ಅದೇ ಆದ್ದರಿಂದ ದಾರಿಗಳೂ ಖಾಲಿ.

ನಸುಕು ಮತ್ತು ಮುಸ್ಸಂಜೆಗಳ ನಡುವೆ ಆರಿಸುವುದು ಕಷ್ಟ. ನಸುಕಿನಲ್ಲಿ ಜನರಿಲ್ಲ, ಜನರ ಗುರುತುಗಳಿವೆ: ಮೇಜಿನ ಮೇಲೆ ತಲೆಕೆಳಗಾಗಿ ಏರಿಸಿದ ಕುರ್ಚಿಗಳು, ರಾತ್ರಿಯಿಡೀ ಹೊರಗೇ ಉಳಿದ ಚೆಂಡು. ಮುಸ್ಸಂಜೆಯಲ್ಲಿ ಕಿಟಕಿಗಳಿಗೆ ದೀಪ ಬರುತ್ತದೆ. ಎರಡನೆಯದನ್ನು ಆರಿಸಿದವರು ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ಸೆಟ್ಟಿಂಗನ್ನು) ಆಟೋದಿಂದ ತೆಗೆದು ಹಗಲು ಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ, ಗಟ್ಟಿ ಮಾಡಿಕೊಳ್ಳಬೇಕು. ಮನೆಯ ಹಳದಿ ದೀಪ ಸುಮಾರು 2700 ಕೆಲ್ವಿನ್ ಇರುವುದರಿಂದ ಅದು ಕೆಂಡದ ಬಣ್ಣದಲ್ಲೇ ಉಳಿಯುತ್ತದೆ, ಆಕಾಶ ನೀಲಿಯಾಗಿಯೇ ಉಳಿಯುತ್ತದೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಎರಡನ್ನೂ ರಾಜಿ ಮಾಡಿಸಿ ಬೂದು ಮಾಡುತ್ತದೆ.

ಹತ್ತು ಜಾಗ ಒಮ್ಮೆಯೋ, ಒಂದೇ ಜಾಗ ಹಲವು ಸಲವೋ

ಉಪಕರಣಗಳ ಚರ್ಚೆಗಿಂತ ಈ ಆಯ್ಕೆ ಚಿತ್ರಗಳನ್ನು ಹೆಚ್ಚು ಬದಲಿಸುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಯೂಜೀನ್ ಆಟ್ಜೆ ತಮ್ಮ ಕೊನೆಯ ವರ್ಷಗಳಲ್ಲಿ, 1925ರಲ್ಲಿ, ಪ್ಯಾರಿಸ್ ಬಳಿಯ ಸೋ ಎಂಬಲ್ಲಿನ ಪಾಳುಬಿದ್ದ ಉದ್ಯಾನಕ್ಕೆ ಮರದ ಕ್ಯಾಮೆರಾ ಮತ್ತು ಗಾಜಿನ ಫಲಕಗಳನ್ನು ಹೊತ್ತು ಮಾರ್ಚ್‌ನಿಂದ ಜೂನ್‌ವರೆಗೆ ಮತ್ತೆ ಮತ್ತೆ ಹೋದರು, ಹೆಚ್ಚಾಗಿ ಬೆಳ್ಳಂಬೆಳಗ್ಗೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುಡೆಕ್ 1940ರಿಂದ 1954ರವರೆಗೆ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ತೆಗೆಯುತ್ತ ಕೂತರು: ಗಾಜಿನ ಮೇಲಿನ ಹನಿ, ಹಿಮ, ಆಚೆಯ ಸೊಟ್ಟ ಮರ. ಹದಿನಾಲ್ಕು ವರ್ಷ, ಒಂದು ಕಿಟಕಿ.

ಮೂರು ದಿನದ ರಜೆಯವರಿಗೆ ಇದನ್ನು ಹೇಳಿ ಏನು ಫಲ ಎನ್ನಬಹುದು. ಮೂರು ದಿನದಲ್ಲೂ ಒಂದು ಅಳತೆಯಲ್ಲಿ ಇದು ಸಾಧ್ಯ. ಉಳಿದುಕೊಂಡ ಕೋಣೆಯ ಸುತ್ತ ಅರ್ಧ ಕಿಲೋಮೀಟರಿನೊಳಗೆ ಒಂದು ಸಾಧಾರಣ ಜಾಗವನ್ನು ಗುರುತಿಸಿ, ಅದಕ್ಕೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗುವುದು. ಮೊದಲ ಸಲ ಕ್ಯಾಮೆರಾ ತೆರೆಯದಿದ್ದರೂ ನಡೆಯುತ್ತದೆ. ನಾನು ಹೀಗೆ ಒಮ್ಮೆ ಒಂದು ನೀಲಿ ಗೋಡೆಯ ಎದುರು ನಲವತ್ತು ನಿಮಿಷ ನಿಂತಿದ್ದೆ. ದೀಪದ ಕಂಬದ ನೆರಳು ಗೋಡೆಯ ಬಿರುಕನ್ನು ದಾಟುತ್ತದೆಂದು ಕಾಯುತ್ತಿದ್ದವನಿಗೆ, ಅದು ದಾಟಿದಾಗ ಚಿತ್ರ ಸಪ್ಪೆ ಎನ್ನಿಸಿತು. ಅಷ್ಟರಲ್ಲಿ ಮೇಲಿನ ಕಿಟಕಿ ತೆರೆದು, ಒಂದು ಕೈ ಬಂದು, ಒದ್ದೆ ಟವೆಲನ್ನು ಸರಳಿಗೆ ಹಾಕಿ ಹೋಯಿತು. ಟವೆಲನ್ನೇ ತೆಗೆದೆ, ಅದೂ ಸಾಧಾರಣ. ಆಮೇಲೆ ಅದರ ತುದಿಯಿಂದ ನೀರು ಗೋಡೆಯ ಮೇಲೆ ಇಳಿಯತೊಡಗಿತು. ನೀರು ಹರಿದಲ್ಲೆಲ್ಲ ಮಾಸಿದ ನೀಲಿ ಕಡುನೀಲಿಯಾಗಿ, ಗೋಡೆಗೆ ಮೊದಲು ಬಳಿದಾಗ ಯಾವ ಬಣ್ಣವಿತ್ತೆಂಬುದು ಗೆರೆಗೆರೆಯಾಗಿ ಕಾಣಿಸಿತು. ಬೇಕಾಗಿದ್ದ ಚಿತ್ರ ಅದು, ಐದು ನಿಮಿಷಕ್ಕೆ ಹೊರಟಿದ್ದರೆ ನೀಲಿ ಗೋಡೆಯ ಒಂದು ಚಿತ್ರವಷ್ಟೇ ನನ್ನಲ್ಲಿ ಇರುತ್ತಿತ್ತು.

ಇದಕ್ಕೆ ತೆರುವ ಬೆಲೆಯೂ ಇದೆ. ಆ ನಲವತ್ತು ನಿಮಿಷದಲ್ಲಿ ಇನ್ನಾರು ಜಾಗ ನೋಡಬಹುದಿತ್ತು, ಜೊತೆಗೆ ಬಂದವರ ತಾಳ್ಮೆಯೂ ಉಳಿಯುತ್ತಿತ್ತು. ಮತ್ತೆಂದೂ ಬರಲಾಗದ ದೂರಕ್ಕೆ ಹೋಗಿದ್ದರೆ ಹೆಸರಾಂತ ಸ್ಮಾರಕವನ್ನು ಹಟಕ್ಕಾಗಿ ಬಿಟ್ಟುಬರುವುದು ಬರೀ ಬಿಗುಮಾನ. ಅದನ್ನು ಕ್ಯಾಮೆರಾ ಇಲ್ಲದೆ ನೋಡಿ ಬರಬಹುದು.

ಉಳಿದ ಎರಡು ಆಯ್ಕೆಗಳನ್ನು ಬೇಗ ಮುಗಿಸುತ್ತೇನೆ. ಬಣ್ಣವೋ ಕಪ್ಪು-ಬಿಳುಪೋ ಎಂಬ ಪ್ರಶ್ನೆ ಹಿಂದೆ ಗೌರವದ ಪ್ರಶ್ನೆಯೂ ಆಗಿತ್ತು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ನರ ಬಣ್ಣದ ಚಿತ್ರಗಳನ್ನು, ಅದರಲ್ಲೂ ತೀರಾ ಸಾಮಾನ್ಯ ವಸ್ತುಗಳ ಚಿತ್ರಗಳನ್ನು, ಪ್ರದರ್ಶಿಸಿದಾಗ ಟೀಕಾಕಾರರು ಮೂಗು ಮುರಿದಿದ್ದರು. ಈಗ ಪರೀಕ್ಷೆ ಸುಲಭ: ಕ್ಯಾಮೆರಾದ ತೆರೆಯನ್ನು ಕಪ್ಪು-ಬಿಳುಪಿಗೆ ಹಾಕಿ, ಫೈಲನ್ನು ರಾ ರೂಪದಲ್ಲಿ ಬಣ್ಣದಲ್ಲೇ ಉಳಿಸಿಕೊಂಡರೆ ನಿರ್ಧಾರವನ್ನು ಮನೆಗೆ ಬಂದು ಮಾಡಬಹುದು. ಆ ನೀಲಿ ಗೋಡೆ ಕಪ್ಪು-ಬಿಳುಪಿನಲ್ಲಿ ಏನೂ ಆಗಿರಲಿಲ್ಲ. ಇನ್ನು ಫಿಲ್ಮ್: ಒಂದು ರೋಲಿನಲ್ಲಿ 36 ಚಿತ್ರ ಎಂಬ ಮಿತಿ ಕೈಯನ್ನು ತಡೆಯುತ್ತದೆ, ಅದು ಒಳ್ಳೆಯದೇ. ಆದರೆ ವಿಮಾನ ನಿಲ್ದಾಣಗಳ ಹೊಸ ಸಿ.ಟಿ. (ಎಕ್ಸ್-ರೇ) ಸ್ಕ್ಯಾನರುಗಳು ತೊಳೆಯದ ಫಿಲ್ಮನ್ನು ಕೆಡಿಸುವುದರಿಂದ ಕೈಯಿಂದಲೇ ತಪಾಸಿಸಿ ಎಂದು ಕೇಳಿಕೊಳ್ಳಬೇಕು.

ಒಂದೇ ಒಂದು ಸಂಜೆ ಬಿಡುವಿದೆ, ಕೈಯಲ್ಲಿ ಫೋನು ಮಾತ್ರ ಇದೆ ಎನ್ನುವವರು ಹೀಗೆ ಮಾಡಬಹುದು. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಕೋಣೆಯಿಂದ ಹೊರಟು, ದೊಡ್ಡ ಗಾಜಿನ ಕಿಟಕಿಯಿರುವ ಯಾವುದಾದರೂ ಸಾಧಾರಣ ಅಂಗಡಿಯ ಎದುರು, ಕೇಳಿಕೊಂಡು, ನಿಲ್ಲಿ. ಫ್ಲೈಟ್ ಮೋಡ್ ಹಾಕಿ, 2ಎಕ್ಸ್ ಒತ್ತಿ, ಪ್ರಕಾಶವನ್ನು ಒಂದು ಮೆಟ್ಟಿಲು ಇಳಿಸಿ. ಮೊದಲು ಗಾಜಿನಲ್ಲಿ ಬೀದಿಯ ಪ್ರತಿಬಿಂಬವೇ ಕಾಣುತ್ತದೆ. ಒಳಗೆ ದೀಪ ಹಚ್ಚಿದ ಮೇಲೆ ಕೆಲವು ನಿಮಿಷ ಬೀದಿಯೂ ಒಳಗಿನ ಕಪಾಟುಗಳೂ ಸರಿಸಮವಾಗಿ ಕಾಣುತ್ತವೆ, ದಾರಿಯಲ್ಲಿ ಹೋಗುವವರು ಕಪಾಟಿನ ನಡುವೆ ನಡೆದಂತೆ ತೋರುತ್ತದೆ, ತೆಗೆಯಬೇಕಾದದ್ದು ಆಗ. ಹೊರಗಿನ ನೀಲಿ ಕಪ್ಪಿಗೆ ತಿರುಗಿ, ಗಾಜಿನಲ್ಲಿ ಒಳಗಿನದು ಬಿಟ್ಟು ಬೇರೇನೂ ಕಾಣದಂತಾದಾಗ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಡಬಹುದು.